ಎರಡು ಮೆಟ್ಟಿಲು ಮತ್ತು ಒಂದು ತೆಂಗಿನಕಾಯಿ

ನಮ್ಮ ಕನ್ನಡ ಕೂಟದ ಹುಡುಗಿಯೊಬ್ಬಳಿಗೆ ಫೆಡರಲ್ ಕೋರ್ಟಿನ ಪ್ರೊಬೇಷನ್ ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಯುಗಾದಿ ಊಟದ ಸಾಲಿನಲ್ಲಿ ನನ್ನ ಹಿಂದೆ ತಟ್ಟೆ ಹಿಡಿದು ನಿಂತಿದ್ದವಳು, "ವಸಂತಾ ಆಂಟಿ, ಎನಿ ಟಿಪ್ಸ್?" ಎಂದು ಕೇಳಿದಳು. ಕೋಸಂಬರಿ ಬಡಿಸಿಕೊಳ್ಳುತ್ತ ಹೇಳಿ ಮುಗಿಸುವ ವಿಷಯವೇ ಇದು? ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ತಾಯಿ, "ಬರೆದುಕೊಡಿ ವಸಂತಾ, ನಾನು ಓದಿ ಹೇಳ್ತೀನಿ. ಇವಳಿಗೆ ಕನ್ನಡ ಅರ್ಥ ಆಗತ್ತೆ, ಓದೋಕೆ ಬರಲ್ಲ" ಎಂದರು. ಅದಕ್ಕೇ ಈ ಬರಹ. ತಾಯಂದಿರು ಗಟ್ಟಿಯಾಗಿ ಓದಲಿ, ಮಕ್ಕಳು ಫೋನ್ ಕೆಳಗಿಟ್ಟು ಕೇಳಲಿ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾವು ಪೊಲೀಸರಲ್ಲ, ವಕೀಲರೂ ಅಲ್ಲ. ಒಬ್ಬ ಮನುಷ್ಯ ತಪ್ಪೊಪ್ಪಿಕೊಂಡ ಮೇಲೆ, ಜಡ್ಜ್ ಶಿಕ್ಷೆ ಹೇಳುವುದಕ್ಕೆ ಮುಂಚೆ, ಅವನ ಬದುಕಿನ ವರದಿಯೊಂದು ಜಡ್ಜ್ ಕೈಗೆ ಹೋಗಬೇಕು. ಎಲ್ಲಿ ಹುಟ್ಟಿದ, ಯಾರು ಸಾಕಿದರು, ಏನು ಕಾಯಿಲೆ, ಏನು ಮಾಡಿದ, ಅದರಿಂದ ಯಾರಿಗೆ ಏನಾಯಿತು, ಎಲ್ಲ ಅದರಲ್ಲಿರಬೇಕು. ಬರೆಯುವವರು ನಾವು. ನನ್ನ ಅತ್ತೆ ಮೈಸೂರಿನ ನೆಂಟರಿಗೆಲ್ಲ, "ನಮ್ಮ ಸೊಸೆ ಕೋರ್ಟಲ್ಲಿ ಕಳ್ಳರ ಜಾತಕ ಬರೀತಾಳೆ" ಎಂದು ಹೇಳಿಕೊಂಡು ಬಂದಿದ್ದರು. ಕೆಲಸದ ವಿವರಣೆ ಇದಕ್ಕಿಂತ ಚೆನ್ನಾಗಿ ನನಗೂ ಬರುವುದಿಲ್ಲ.

ಜಾತಕದ ಕೊನೆಗೆ ಲೆಕ್ಕವಿರುತ್ತದೆ. ಪ್ರತಿ ಅಪರಾಧಕ್ಕೂ ಒಂದು ಲೆವೆಲ್. ಮೆಟ್ಟಿಲು ಅಂದುಕೊಳ್ಳಿ. ಮೆಟ್ಟಿಲು ಏರಿದಷ್ಟೂ ಜೈಲುವಾಸ ಉದ್ದ. ಪ್ರಾಮಾಣಿಕವಾಗಿ ತಪ್ಪೊಪ್ಪಿಕೊಂಡರೆ ಎರಡೋ ಮೂರೋ ಮೆಟ್ಟಿಲು ಇಳಿಸುತ್ತಾರೆ. ಸಾಕ್ಷಿಯನ್ನು ಹೆದರಿಸಿದರೆ, ಕಾಗದ ಸುಟ್ಟರೆ, ಕೋರ್ಟಿಗೋ ನಮಗೋ ಮುಖ್ಯವಾದ ವಿಷಯದಲ್ಲಿ ಸುಳ್ಳು ಹೇಳಿದರೆ, ಅದು ನ್ಯಾಯಕ್ಕೆ ಅಡ್ಡಿ. ಎರಡು ಮೆಟ್ಟಿಲು ಏರಿಸುತ್ತಾರೆ. ಇಳಿಸಿದ್ದನ್ನೂ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಹೀಗೆ ಎರಡು ಅಂತ ಹೇಳಿ ನಾಲ್ಕೋ ಐದೋ ಏರಿಸಿದ ಹಾಗಾಗುತ್ತದೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ಮೇಷ್ಟ್ರ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ನಾನು ಕೆಲಸ ಕಲಿತದ್ದು ಡೆಟ್ರಾಯಿಟ್‌ನಲ್ಲಿ, ವಾಲ್ಟರ್ ಎಂಬ ದೊಡ್ಡ ಹೊಟ್ಟೆಯ, ದೊಡ್ಡ ಮನಸ್ಸಿನ ಮೇಲಧಿಕಾರಿಯ ಕೈಕೆಳಗೆ. ಡೋನಟ್ ತಿನ್ನುತ್ತಲೇ ನಮ್ಮ ಕರಡುಗಳನ್ನು ಓದುತ್ತಿದ್ದ. ವಾಪಸ್ ಬಂದ ಹಾಳೆಯನ್ನು ಮೊದಲು ಕಿಟಕಿಯ ಹತ್ತಿರ ಹೋಗಿ ಕೊಡವಬೇಕಿತ್ತು, ಅಷ್ಟು ಸಕ್ಕರೆ ಉದುರುತ್ತಿತ್ತು. ನನ್ನ ಮೊದಲ ವರದಿಯಲ್ಲಿ, 'ಈತ ಸುಳ್ಳು ಹೇಳಿದ್ದಾನೆ' ಎಂದು ಬರೆದಿದ್ದೆ. ವಾಲ್ಟರ್ ಅದನ್ನು ಹೊಡೆದು ಹಾಕಿ, ನನ್ನನ್ನು ಕೂರಿಸಿಕೊಂಡು ಹೇಳಿದ: "ಅವನು ಹೇಳಿದ್ದು ಇದು, ನೀನು ಕಂಡದ್ದು ಅದು. ಎರಡನ್ನೂ ಅಕ್ಕಪಕ್ಕ ಇಡು. ವಕೀಲರು ಜಗಳ ಆಡಲಿ, ಜಡ್ಜ್ ತೀರ್ಮಾನ ಮಾಡಲಿ. ನೀನು ದೇವರಾಗೋಕೆ ಹೋಗಬೇಡ, ಸಂಬಳ ಅಷ್ಟಿಲ್ಲ." ಹಿಮದಲ್ಲಿ ಕಾರು ಓಡಿಸುವುದನ್ನು ಕಲಿಸಿದವನೂ ಅವನೇ. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಾನು ಗಿರಗಿರ ತಿರುಗುತ್ತಿದ್ದರೆ ಪಕ್ಕದ ಸೀಟಿನಲ್ಲಿ ಕೂತು ಹಾಡು ಹೇಳುತ್ತಿದ್ದ. ಅವನನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ನ್ಯಾಯಕ್ಕೆ ಅಡ್ಡಿ ಅಂದಕೂಡಲೇ ಸಿನಿಮಾದ ಖಳನಾಯಕರನ್ನು ನೆನೆಯಬೇಡಿ. ಬಹಳ ಮಟ್ಟಿಗೆ ಅದು ಗಾಬರಿಬಿದ್ದವರ ಪೆದ್ದುತನ. ಒಬ್ಬ ಸಿಕ್ಕಿಬಿದ್ದಾಗ ತನ್ನ ಹೆಸರಿನ ಬದಲು ತಮ್ಮನ ಹೆಸರು ಹೇಳಿದ. ತಮ್ಮನ ಮೇಲೆ ಇವನಿಗಿಂತ ದೊಡ್ಡ ವಾರಂಟ್ ಇತ್ತು. ಅರ್ಧ ಗಂಟೆಯಲ್ಲೇ, "ಸಾರ್, ನಾನು ನಾನೇ" ಎಂದು ಗೋಗರೆದ. ಇದಕ್ಕೆ ಮೆಟ್ಟಿಲು ಏರಿಸಬೇಕೇ ಎಂದು ಕೇಳಿದರೆ ವಾಲ್ಟರ್, "ತನಿಖೆಗೆ ಏನು ತೊಂದರೆ ಆಯ್ತು? ತೊಂದರೆ ಆದದ್ದು ಅವನಿಗೇ" ಎಂದು ನಕ್ಕು ಬಿಟ್ಟ.

ಇನ್ನೊಬ್ಬ ಜೈಲಿನಿಂದ ಗೆಳತಿಗೆ ಫೋನ್ ಮಾಡಿ, "ಬೇಸ್‌ಮೆಂಟಿನಲ್ಲಿರುವ ಹುಟ್ಟುಹಬ್ಬದ ಕೇಕ್ ಬಿಸಾಡು" ಎಂದ. ಜೈಲಿನ ಫೋನೆಲ್ಲ ರೆಕಾರ್ಡ್ ಆಗುತ್ತದೆ, ಹಾಗೆಂದು ಗೋಡೆಯ ಮೇಲೆ ಬರೆದೂ ಇರುತ್ತದೆ. ಕೇಕ್ ಅಂದರೆ ಪಿಸ್ತೂಲು ಎಂದು ಕೇಳಿದ ಪೊಲೀಸರಿಗೆಲ್ಲ ಗೊತ್ತಾಯಿತು, ಆ ಹುಡುಗಿಗೆ ಮಾತ್ರ ಗೊತ್ತಾಗಲಿಲ್ಲ. ಬೇಸ್‌ಮೆಂಟಿನ ಫ್ರಿಜ್ಜಿನಲ್ಲಿದ್ದ ನಿಜವಾದ ಕೇಕನ್ನೇ ಎಸೆದಳು. ಪಿಸ್ತೂಲು ಇದ್ದಲ್ಲೇ ಇತ್ತು. ಜಡ್ಜ್ ಕೂಡ ನಕ್ಕರು, ಆದರೆ ಎರಡು ಮೆಟ್ಟಿಲು ಏರಿಸದೆ ಬಿಡಲಿಲ್ಲ. ಪ್ರಯತ್ನ ಮಾಡಿದರೂ ಸಾಕು, ಗೆಲ್ಲಬೇಕಾಗಿಲ್ಲ ಎನ್ನುತ್ತದೆ ಕಾನೂನು.

ನಾನು ಸೇರಿದಾಗ ಈ ಲೆಕ್ಕ ಕಬ್ಬಿಣದ ಹಾಗಿತ್ತು. ಕೂಡಿದ ಮೊತ್ತವನ್ನು ಮೀರುವ ಹಾಗೇ ಇರಲಿಲ್ಲ. ಆಮೇಲೆ ಮೇಲಿನ ಕೋರ್ಟು, ಇದು ಸಲಹೆ ಅಷ್ಟೇ ಎಂದಿತು. ಆದರೂ ಜಡ್ಜುಗಳು ಲೆಕ್ಕ ಶುರುಮಾಡುವುದು ಅಲ್ಲಿಂದಲೇ. ಇನ್ನೊಂದು ಬದಲಾವಣೆ ನನಗೆ ಇಷ್ಟವಾಗಲಿಲ್ಲ. ಕೊರೋನಾ ಬಂದ ಮೇಲೆ ವಿಡಿಯೋದಲ್ಲೇ ಮಾತಾಡಿಸುವುದು ಶುರುವಾಯಿತು. ಪರದೆಯ ಮೇಲೆ ಮನುಷ್ಯನ ಕಾಲು ಕಾಣುವುದಿಲ್ಲ. ಮುಖ ಎಷ್ಟು ತಾಲೀಮು ಮಾಡಿ ಬಂದಿದ್ದರೂ ಕಾಲು ಸುಮ್ಮನಿರುವುದಿಲ್ಲ. ಎಷ್ಟು ದೂರವಾದರೂ ಮನೆಗೇ ಹೋಗಿ, ಎದುರು ಕೂತು ಮಾತಾಡಿಸಿ. ಅವಳು ಕೇಳಿದ ಟಿಪ್ಸ್‌ನಲ್ಲಿ ನಾನು ಕೊಡಬಹುದಾದದ್ದು ಇದೊಂದೇ.

ಯಾಕೆ ಹೀಗೆ ಹೇಳುತ್ತೇನೆ ಎಂಬುದಕ್ಕೆ ಶಿವನಂಜಪ್ಪ ಮೇಷ್ಟ್ರ ಪ್ರಸಂಗ ಹೇಳಬೇಕು. ಆ ಹೊತ್ತಿಗೆ ನಾನು ಶಿಕಾಗೋ ಆಫೀಸಿಗೆ ಬಂದು, ವೆಸ್ಟ್‌ಮಂಟ್‌ನಲ್ಲಿ ಮನೆ ಮಾಡಿ, ರೈಲಿನಲ್ಲಿ ಓಡಾಡುತ್ತ ತಲೆ ನರೆಸಿಕೊಂಡಾಗಿತ್ತು. ಹೆಸರು, ಕಸುಬು, ಊರುಗಳಲ್ಲಿ ಬೇಕಾದದ್ದನ್ನು ಬದಲಿಸಿದ್ದೇನೆ. ತೆಂಗಿನಕಾಯಿ ಮಾತ್ರ ನಿಜ.

ಹರೀಶ್ ಎಂಬಾತ ಅರೋರಾದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದ. ಕೊಡದ ಚಿಕಿತ್ಸೆಗೆ ಸರ್ಕಾರಿ ವಿಮೆಯಿಂದ ಹಣ ತೆಗೆದು ಸಿಕ್ಕಿಬಿದ್ದ. ತನಿಖೆಯವರು ಬಾಗಿಲಿಗೆ ಬಂದ ದಿನ ಅವನ ಬಾಯಿಂದ ಬಂದ ಮೊದಲ ಮಾತು, "ಬಿಲ್ ಎಲ್ಲ ಡೊರೊತಿ ನೋಡ್ತಿದ್ರು." ಡೊರೊತಿ ಅಲ್ಲಿ ರಿಸೆಪ್ಶನ್ ಮೇಜಿನಲ್ಲಿ ಕೂರುತ್ತಿದ್ದ ವಯಸ್ಸಾದ ಕಪ್ಪು ಹೆಂಗಸು. ಆಕೆಯದು ಏನೂ ತಪ್ಪಿರಲಿಲ್ಲ. ಆ ಸುಳ್ಳು ಹೆಚ್ಚು ದಿನ ನಿಲ್ಲಲಿಲ್ಲ. ತನಿಖೆಗೇನೂ ಅಡ್ಡಿಯಾಗಲಿಲ್ಲ ಎಂದು ಸರ್ಕಾರದ ವಕೀಲರೂ ಅದನ್ನು ಬಿಟ್ಟರು. ಆದರೆ ಡೊರೊತಿಯ ಹೆಸರು ಕೆಟ್ಟಿತ್ತು, ಕ್ಲಿನಿಕ್ ಮುಚ್ಚಿತ್ತು, ಬೇರೆ ಯಾರೂ ಕೆಲಸ ಕೊಡಲಿಲ್ಲ. ಆಕೆ ಡೆಟ್ರಾಯಿಟ್‌ನಲ್ಲಿದ್ದ ಮಗಳ ಮನೆ ಸೇರಿದರು. ಹರೀಶ್ ಕೊನೆಗೆ ಎಲ್ಲವನ್ನೂ ಒಪ್ಪಿಕೊಂಡ. ಶಿಕ್ಷೆ ಹೇಳುವ ದಿನ ಡೊರೊತಿ ಕೋರ್ಟಿನಲ್ಲಿ ಮಾತಾಡುವುದೆಂದು ಗೊತ್ತಾಯಿತು. ಆಕೆಯ ತಂಟೆಗೆ ಹೋಗಲೇಬೇಡ, ಫೋನ್ ಕೂಡ ಮಾಡಬೇಡ ಎಂದು ಹರೀಶನಿಗೆ ಅವನ ವಕೀಲ ಕಟ್ಟಪ್ಪಣೆ ಮಾಡಿದ್ದ.

ಹರೀಶನ ತಂದೆ ಶಿವನಂಜಪ್ಪನವರು ಮಂಡ್ಯ ಕಡೆಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದವರು. ಮಗನ ಮನೆಯಲ್ಲೇ ಇದ್ದರು. ನಮ್ಮ ಕಡೆ ಒಂದು ಮನೆಯವರಿಂದ ಇನ್ನೊಂದು ಮನೆಯವರಿಗೆ ಅನ್ಯಾಯವಾದರೆ ಹಿರಿಯರು ಏನು ಮಾಡುತ್ತಾರೆ ಎಂದು ನಿಮಗೆ ಗೊತ್ತು. ಮೇಷ್ಟ್ರು ಅದನ್ನೇ ಮಾಡಿದರು. ಡೊರೊತಿಗೆ ಫೋನ್ ಮಾಡಿ ಬರಲೇ ಎಂದು ಕೇಳಿ, ಶಿಕಾಗೋದಿಂದ ಒಬ್ಬರೇ ರೈಲು ಹತ್ತಿ ಡೆಟ್ರಾಯಿಟ್‌ಗೆ ಹೋದರು. ಚೀಲದಲ್ಲಿ ಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮ ಹಚ್ಚಿದ ಜುಟ್ಟಿನ ತೆಂಗಿನಕಾಯಿ ಮತ್ತು ತೀರಿಹೋದ ಹೆಂಡತಿಯ ಒಂದು ರೇಷ್ಮೆ ಸೀರೆ ಇದ್ದವು. ತಟ್ಟೆಯಲ್ಲಿ ಅವನ್ನೆಲ್ಲ ಇಟ್ಟುಕೊಟ್ಟು, ತಲೆ ಬಗ್ಗಿಸಿ, ವಾಪಸ್ ಬಂದರು. ಸಂಜೆ ಕೆಲಸದಿಂದ ಬಂದ ಡೊರೊತಿಯ ಮಗಳು ಮೇಜಿನ ಮೇಲಿದ್ದ ಸೀರೆಯನ್ನು ನೋಡಿ, ಇದು ಸಾಕ್ಷಿಗೆ ಕೊಟ್ಟ ಲಂಚವೇ ಸರಿ ಎಂದು ತನಿಖಾಧಿಕಾರಿಗೆ ಫೋನ್ ಮಾಡಿದಳು.

ನಮ್ಮ ಆಫೀಸಿಗೆ ಫೋಟೋಗಳು ಬಂದವು. ತೆಂಗಿನಕಾಯಿ ಪ್ಲಾಸ್ಟಿಕ್ ಚೀಲದಲ್ಲಿ ಸೀಲಾಗಿ ಕೂತಿತ್ತು. ಕೆಂಪು ಪುಡಿ ಏನೆಂದು ತಿಳಿಯಲು ಲ್ಯಾಬಿಗೆ ಕಳಿಸಲಾಗಿದೆ ಎಂದು ಕೆಳಗೆ ಬರೆದಿತ್ತು. ನನ್ನ ಮೇಲಧಿಕಾರಿ ಇಲೇನ್ ಕನ್ನಡಕ ಏರಿಸಿಕೊಂಡು, "ವಸಂತಾ, ಇದು ಬೆದರಿಕೆಯಾ?" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಅದು ಕುಂಕುಮ, ನನ್ನ ಹಣೆಯ ಮೇಲೂ ಅದೇ ಇದೆ ಎಂದೆ. ಅವಳು ನನ್ನ ಹಣೆಯನ್ನೇ ಒಂದು ಗಳಿಗೆ ನೋಡಿದಳು. ನಾನೂ ಅದೇ ಸಮುದಾಯದವಳು, ಬೇಕಾದರೆ ಕೇಸನ್ನು ಬೇರೆಯವರಿಗೆ ಕೊಡು ಎಂದೆ.

"ಆ ಮನೆಯವರನ್ನ ಬಲ್ಲೆಯಾ?"

"ಇಲ್ಲ."

"ಅವರ ಮನೇಲಿ ಊಟ ಮಾಡಿದೀಯಾ?"

"ಇಲ್ಲ."

"ಹಾಗಿದ್ರೆ ನೀನೇ ಇಟ್ಟುಕೋ. ಆದರೆ ಅವರನ್ನ ಕಾಪಾಡೋಕೆ ಹೋಗಬೇಡ" ಎಂದಳು ಇಲೇನ್.

ಲೆಕ್ಕ ಹೀಗಿತ್ತು. ಎಲ್ಲ ನೆಟ್ಟಗೆ ನಡೆದಿದ್ದರೆ ಹರೀಶನಿಗೆ ಸುಮಾರು ಒಂದೂವರೆ ವರ್ಷ. ತಂದೆಯನ್ನು ಕಳಿಸಿದವನು ಹರೀಶನೇ ಎಂದಾದರೆ ಎರಡು ಮೆಟ್ಟಿಲು ಏರಿ, ಇಳಿಸಿದ್ದೂ ಹೋಗಿ, ಮೂರು ವರ್ಷದ ಹತ್ತಿರ. ತಂದೆ ತಾವಾಗಿಯೇ ಹೋಗಿದ್ದರೆ ಮಗನ ಲೆಕ್ಕಕ್ಕೆ ಅದು ಬರುವುದಿಲ್ಲ. ಯಾರು ಕಳಿಸಿದರು ಎಂಬುದೊಂದೇ ಪ್ರಶ್ನೆ.

ಹರೀಶ ವಕೀಲನ ಜೊತೆ ನನ್ನ ಆಫೀಸಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ನಿದ್ದೆಯಿಲ್ಲದ ಕಣ್ಣು. ತಂದೆ ಹೋಗುವುದು ಗೊತ್ತಿತ್ತೇ ಎಂದು ಕೇಳಿದೆ.

"ನಾನೇ ಕಳಿಸಿದ್ದು" ಎಂದ, ಇಂಗ್ಲಿಷಿನಲ್ಲಿ.

ವಕೀಲನ ಪೆನ್ನು ಕೆಳಗೆ ಬಿತ್ತು. ಐದು ನಿಮಿಷ ಬಿಡುವು ಕೇಳಿ, ಕಾರಿಡಾರಿಗೆ ಕರೆದುಕೊಂಡು ಹೋಗಿ, ಏನೇನೋ ಹೇಳಿ ಕರೆತಂದ. ಹರೀಶ ಮತ್ತೆ ಅದನ್ನೇ ಹೇಳಿದ. ಕಡಿಮೆ ಶಿಕ್ಷೆಗಾಗಿ ಸುಳ್ಳು ಹೇಳುವವರನ್ನು ನೋಡಿ ನೋಡಿ ನನ್ನ ಕಿವಿ ಪಳಗಿತ್ತು. ಇದು ಬೇರೆ ಥರ ಕೇಳಿಸಿತು. ಮುಖ ಗಟ್ಟಿಯಾಗಿತ್ತು, ಮೇಜಿನ ಕೆಳಗೆ ಎರಡು ಮೊಣಕಾಲೂ ಒಂದೇ ಸಮನೆ ನಡುಗುತ್ತಿದ್ದವು. ನನಗೆ ಅವನ ಮೇಲೆ ಕೋಪ ಬರಬೇಕಿತ್ತು, ಬಂದದ್ದು ಮರುಕ.

ಡೆಟ್ರಾಯಿಟ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಡೊರೊತಿ ಅಡುಗೆಮನೆಯಲ್ಲಿ ಕೂರಿಸಿ ಮಾತಾಡಿದರು. ಮೇಷ್ಟ್ರು ಚಳಿಯಲ್ಲೇ ಹೊಸ್ತಿಲಾಚೆ ಶೂ ಬಿಚ್ಚಿಟ್ಟು ಒಳಗೆ ಬಂದರಂತೆ. "ಆ ಮನುಷ್ಯ ನನ್ನ ಹತ್ತಿರ ಏನೂ ಕೇಳಲಿಲ್ಲ. ನನ್ನ ಮಗ ನಿಮ್ಮ ಮೇಲೆ ತಪ್ಪು ಹೊರಿಸಿದ, ನಾನು ಕ್ಷಮೆ ಕೇಳೋಕೆ ಬಂದೆ ಅಂದರು. ಕೋರ್ಟಲ್ಲಿ ಪೂರ್ತಿ ನಿಜ ಹೇಳಿ ಮೇಡಂ, ಅವನು ಅದನ್ನ ಕೇಳಿಸಿಕೊಳ್ಳಬೇಕು ಅಂದರು" ಎಂದರು. ಆಮೇಲೆ ಸ್ವಲ್ಪ ಸಿಟ್ಟಿನಿಂದ, "ನಿಮ್ಮ ಜನ ನನ್ನ ಸೀರೆ ತಗೊಂಡು ಹೋದರು. ಯಾವಾಗ ವಾಪಸ್ ಕೊಡ್ತಾರೆ?" ಎಂದು ಕೇಳಿದರು. ನಾನು ವಿಚಾರಿಸುತ್ತೇನೆ ಎಂದು ಹೇಳಿ ಎದ್ದೆ.

ಮುಂದಿನ ವಾರ ಅರೋರಾದ ಮನೆಗೆ ಹೋದೆ. ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಸೋಫಾದ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಸೊಸೆ ಕಾಫಿ ತಂದಳು, ನಾನು ಕುಡಿಯುವ ಹಾಗಿಲ್ಲ ಎಂದೆ. ನಮ್ಮ ಮನೆಗಳಲ್ಲಿ ಈ ಮಾತು ಹೇಳುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಮೇಷ್ಟ್ರಿಗೆ ಮೊದಲೇ ಎಚ್ಚರಿಸಿದೆ: "ಸರ್, ನೀವು ನನ್ನ ಹತ್ತಿರ ಮಾತಾಡಲೇಬೇಕು ಅಂತೇನಿಲ್ಲ. ಬೇಕಾದ್ರೆ ವಕೀಲರನ್ನ ಕೇಳಿ. ನೀವು ಹೇಳಿದ್ದನ್ನೆಲ್ಲ ನಾನು ಬರೀತೀನಿ. ಅದರಿಂದ ನಿಮಗೇ ತೊಂದರೆ ಆಗಬಹುದು."

"ಬರ್ಕೊಳಮ್ಮ. ಸರಿಯಾಗಿ ಬರ್ಕೊ" ಎಂದರು ಮೇಷ್ಟ್ರು.

"ನಿಮ್ಮನ್ನ ಅಲ್ಲಿಗೆ ಕಳಿಸಿದ್ದು ಯಾರು ಸರ್?"

"ನನ್ನನ್ನ ಕಳಿಸೋರು ಯಾರಮ್ಮ? ಹರೀಶ ಹೋಗಬೇಡಿ ಅಂತ ಕೈ ಮುಗಿದ. ಲಾಯರ್ ಬೇಡ ಅಂದಿದಾರೆ ಅಂದ. ಲಾಯರ್ ಹೇಳಿರೋದು ನಿನಗೆ, ನನಗಲ್ಲ ಅಂದೆ. ಅವನು ಊರಲ್ಲಿಲ್ಲದ ದಿನ ನೋಡ್ಕೊಂಡು ಹೊರಟೆ." ಪಕ್ಕದಲ್ಲಿ ನಿಂತಿದ್ದ ಸೊಸೆ ತಲೆಯಾಡಿಸಿ, "ಹೌದು, ಆ ಜಗಳ ನಾನೂ ಕೇಳಿದೀನಿ" ಎಂದಳು.

ಕೋರ್ಟು ಇದನ್ನು ಸಾಕ್ಷಿಗೆ ಆಮಿಷ ಎಂದು ನೋಡಬಹುದು, ಮಗನ ಶಿಕ್ಷೆ ಹೆಚ್ಚಬಹುದು ಎಂದು ವಿವರಿಸಿದೆ. ಆಗ ಮೊದಲ ಸಲ ಅವರ ಬೆನ್ನು ಬಾಗಿತು. "ನಾನು ಮಾಡಿದ್ದಕ್ಕೆ ಅವನಿಗಾ?" ಎಂದು ಕೇಳಿದರು. ಆಮೇಲೆ, "ನನಗೆ ಎಂಬತ್ತಮೂರಮ್ಮ. ಎದೆಯೊಳಗೆ ಸ್ಟೆಂಟ್ ಇದೆ. ಅವನು ಜೈಲಿಗೆ ಹೋಗಲಿ, ಹೋಗಬೇಕಾದ್ದೇ. ವಾಪಸ್ ಬಂದಾಗ ಬಾಗಿಲು ತೆಗೆಯೋಕೆ ನಾನಿರಬೇಕು. ಇನ್ನೇನೂ ಬೇಡ ನನಗೆ" ಎಂದರು. ಕಾರಿಗೆ ಬಂದು ಕೂತ ಮೇಲೆ ನನಗೆ ಅಳು ಬಂತು. ಆಫೀಸರುಗಳು ಅಳಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಕಾರಿನಲ್ಲಿ ಅಳಬಹುದು.

ವಾಲ್ಟರ್ ಕಲಿಸಿದ ಹಾಗೆ ಮಗ ಹೇಳಿದ್ದು, ತಂದೆ ಹೇಳಿದ್ದು, ಸೊಸೆ ಮತ್ತು ಡೊರೊತಿ ಹೇಳಿದ್ದು, ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಬರೆದೆ. ತಂದೆ ತಾವಾಗಿಯೇ ಹೋದಂತೆ ಕಾಣುತ್ತದೆ, ಮೆಟ್ಟಿಲು ಏರಿಸಬೇಕಾಗಿಲ್ಲ ಎಂದು ಸೂಚಿಸಿದೆ. ಕರಡು ಎರಡೂ ಕಡೆಯ ವಕೀಲರಿಗೆ ಹೋಯಿತು. ಅದು ಅರೋರಾದ ಊಟದ ಮೇಜಿನ ಮೇಲೆ ಬಿದ್ದಿದ್ದಾಗ ಮೇಷ್ಟ್ರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರಂತೆ. ಮಗ ತಮ್ಮ ತಪ್ಪನ್ನು ಹೊತ್ತುಕೊಂಡದ್ದು ಅವರಿಗೆ ತಿಳಿದದ್ದು ಆಗಲೇ.

ಮರುದಿನವೇ ಹರೀಶ ವಕೀಲನ ಜೊತೆ ಬಂದು ನಿಂತ. "ಅಪ್ಪ ಮಾತೇ ಬಿಟ್ಟಿದಾರೆ. ಹೋಗಿ ನಿಜ ಹೇಳಿ ಬಾ, ಆಮೇಲೆ ಮಾತು ಅಂದ್ರು. ಅಪ್ಪನ್ನ ಅರೆಸ್ಟ್ ಮಾಡಿ ಇಂಡಿಯಾಗೆ ಕಳಿಸಿಬಿಡ್ತಾರೆ ಅಂತ ಭಯ ಆಯ್ತು ಆಂಟಿ. ಅದಕ್ಕೇ ನಾನೇ ಕಳಿಸಿದೆ ಅಂದೆ" ಎಂದು ಬಿಕ್ಕಿದ. ವಕೀಲ ಗಾಬರಿಯಾಗಿ, "ಆಂಟಿ? ನೀವು ಇವನ ಆಂಟಿಯಾ?" ಎಂದು ನನ್ನನ್ನೇ ಕೇಳಿದ. ನಮ್ಮಲ್ಲಿ ತಲೆ ನರೆತ ಹೆಂಗಸರೆಲ್ಲ ಆಂಟಿಯೇ ಎಂದು ಅವನಿಗೆ ಬಿಡಿಸಿ ಹೇಳಿ, ಹರೀಶನ ಹೊಸ ಹೇಳಿಕೆಯನ್ನು ವರದಿಗೆ ಸೇರಿಸಿದೆ.

ಆದರೆ ಸರ್ಕಾರದ ಪರ ವಕೀಲೆ ಚುರುಕಿನ ಹುಡುಗಿ. ಶಿಕ್ಷೆಯ ದಿನ ಎದ್ದು ನಿಂತು, "ತಂದೆಯನ್ನು ಕಳಿಸಿದ್ದು ನಿಜವಾದರೆ ಅದು ಸಾಕ್ಷಿಯ ಮೇಲೆ ಒತ್ತಡ. ಕಳಿಸಿಲ್ಲ ಎಂದಾದರೆ ಪ್ರೊಬೇಷನ್ ಆಫೀಸರಿಗೆ ಹೇಳಿದ್ದು ಸುಳ್ಳು. ಯಾವುದಾದರೂ ಸರಿ, ಎರಡು ಮೆಟ್ಟಿಲು ಏರಲೇಬೇಕು" ಎಂದಳು. ಕಾನೂನಿನ ಪುಸ್ತಕ ತೆರೆದರೆ ಆ ಮಾತಿಗೆ ಆಧಾರವೂ ಇತ್ತು. ಅಡಕತ್ತರಿಗೆ ಸಿಕ್ಕಿದ ಅಡಿಕೆಯಂತಾಯಿತು ಹರೀಶನ ಪಾಡು. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಕೋಟು ಹಾಕಿಕೊಂಡು ಕೂತಿದ್ದರು. ಅವರ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಜಡ್ಜ್ ಡೊರೊತಿಯನ್ನು ಕರೆದರು. ಆಕೆ ತನ್ನ ಕೆಲಸ ಹೋದದ್ದು, ಚರ್ಚಿನಲ್ಲಿ ಜನ ಗುಸುಗುಸು ಮಾತಾಡಿದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ತೆಂಗಿನಕಾಯಿಯಿಂದ ಸಾಕ್ಷಿ ಬದಲಾಗಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಆಮೇಲೆ ಹರೀಶ ವಕೀಲ ಬರೆದುಕೊಟ್ಟ ಕ್ಷಮಾಪಣೆಯನ್ನು ಓದಿದ. ಡೊರೊತಿ ಕೂತಲ್ಲಿಂದಲೇ, "ಅಪ್ಪ ನನ್ನ ಮನೆಗೆ ಬಂದರು. ಮಗ ಕಾಗದ ಓದ್ತಾನೆ" ಎಂದರು. ಹರೀಶ ಕಾಗದ ಮಡಿಸಿ ಜೇಬಿಗಿಟ್ಟ.

ಜಡ್ಜ್ ಬಹಳ ಹೊತ್ತು ಪುಟ ತಿರುಗಿಸಿದರು. ಕೊನೆಗೆ, "ಈ ಮೆಟ್ಟಿಲು ಇಳಿಯೋಕೆ ಸುಳ್ಳು ಹೇಳಿದವರನ್ನ ಬೇಕಾದಷ್ಟು ನೋಡಿದ್ದೇನೆ. ಏರೋಕೆ ಸುಳ್ಳು ಹೇಳಿದವನನ್ನ ಈವತ್ತೇ ನೋಡಿದ್ದು. ತಂದೆಗೆ ಬರಬಹುದಾದ ಶಿಕ್ಷೆ ತನಗೆ ಬರಲಿ ಎಂದು ಹೇಳಿದ ಸುಳ್ಳು ಇದು, ಅದನ್ನೂ ನನ್ನ ತನಕ ಬರೋ ಮುಂಚೆ ತಾನೇ ಹಿಂತೆಗೆದುಕೊಂಡಿದ್ದಾನೆ. ಇದನ್ನು ನ್ಯಾಯಕ್ಕೆ ಅಡ್ಡಿ ಎಂದು ನಾನು ಕರೆಯೋದಿಲ್ಲ" ಎಂದರು. ಒಂದೂವರೆ ವರ್ಷ ಕೊಟ್ಟರು. ಮೇಷ್ಟ್ರ ಮೇಲೆ ಯಾವ ಕೇಸನ್ನೂ ಹಾಕುವ ಉದ್ದೇಶವಿಲ್ಲ ಎಂದು ವಕೀಲೆ ಹೇಳಿದಳು. ನನಗೆ ಅವಳ ಮೇಲಿದ್ದ ಮುನಿಸೆಲ್ಲ ಇಳಿಯಿತು.

ಕಾರಿಡಾರಿನಲ್ಲಿ ಮೇಷ್ಟ್ರು ಕೋಲೂರಿಕೊಂಡು ನನ್ನ ಹತ್ತಿರ ಬಂದರು. ಥ್ಯಾಂಕ್ಸ್ ಹೇಳುತ್ತಾರೇನೋ ಎಂದುಕೊಂಡೆ. "ಸುಳ್ಳು ಹೇಳಿದ್ದಕ್ಕೆ ಒಂದು ತಿಂಗಳಾದರೂ ಹಾಕಬೇಕಿತ್ತು" ಎಂದರು.

"ನಿಮಗೋಸ್ಕರ ಹೇಳಿದ್ದು ಸರ್."

"ಗೊತ್ತಮ್ಮ" ಎಂದವರೇ ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡರು. ನಾನು ಲಿಫ್ಟ್ ಬರುವ ತನಕ ಅವರ ಪಕ್ಕದಲ್ಲೇ ನಿಂತಿದ್ದೆ.

ಅದಾದ ಸ್ವಲ್ಪ ಕಾಲಕ್ಕೆ ನಾನು ನಿವೃತ್ತಳಾದೆ. ಮೇಷ್ಟ್ರಿಗೆ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ಕೂಟದವರಿಂದ ಕೇಳುತ್ತಿದ್ದೆ. ವಿಚಾರಿಸಲು ಪ್ರತಿ ಸಲವೂ ಭಯವಾಗುತ್ತಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಫೋನ್ ಬಂತು. ದನಿ ತೆಳುವಾಗಿತ್ತು, ಗತ್ತು ಹಾಗೇ ಇತ್ತು.

"ಏನಮ್ಮ, ಶಿವನಂಜಪ್ಪ ಮಾತಾಡೋದು. ಹರೀಶ ಬಂದ. ಬಾಗಿಲು ನಾನೇ ತೆಗೆದೆ."

ಫೋನಿನಲ್ಲಿ ಗಾಳಿಯ ಸದ್ದು, ಲಾರಿಗಳ ಸದ್ದು ಕೇಳುತ್ತಿತ್ತು. ಎಲ್ಲಿದ್ದೀರಿ ಎಂದು ಕೇಳಿದೆ.

"ಕಾರಲ್ಲಿ. ಡೆಟ್ರಾಯಿಟ್ ಕಡೆ ಹೊರಟಿದೀವಿ, ಡೊರೊತಿಯವರ ಮನೆಗೆ. ಹರೀಶ ಡ್ರೈವ್ ಮಾಡ್ತಿದಾನೆ."

"ಸರ್! ಜೈಲಿಂದ ಬಂದೋರು ಹೀಗೆ ಸ್ಟೇಟ್ ದಾಟೋ ಹಾಗಿಲ್ಲ. ಪ್ರೊಬೇಷನ್ ಆಫೀಸಿಂದ ಪರ್ಮಿಷನ್ ಬೇಕು. ಡೊರೊತಿಯವರನ್ನೂ ಕೇಳಬೇಕು. ಮತ್ತೆ ನೀವೇ ಅವನನ್ನ ಕಳಿಸಿ ತೊಂದರೆಗೆ..."

"ಪರ್ಮಿಷನ್ ಆಗಿದೆ. ಅವರನ್ನೂ ಕೇಳಿ ಆಗಿದೆ. ಎಲ್ಲ ಅವನೇ ಮಾಡಿಕೊಂಡ, ನನಗೆ ಇವತ್ತು ಬೆಳಿಗ್ಗೆ ಗೊತ್ತಾಗಿದ್ದು" ಎಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿದ್ದವನಿಗೆ ಕೇಳಿಸಬಾರದು ಎನ್ನುವ ಹಾಗೆ ಹೇಳಿದರು: "ಈ ಸಲ ಯಾರೂ ಕಳಿಸಿಲ್ಲಮ್ಮ. ಅವನೇ ಹೊರಟ."